ಫೋಟೊ ಸಾಕು, ಮಾತಾಡು

ಬುಕ್ಕಾಂಬುಧಿ
ಅಜ್ಜಂಪುರ ತಾಲ್ಲೂಕು

ಮಗಾ,

ನಿನಗೆ ಬರೆದ ಪತ್ರವಾದರೂ ಇದು ನಿನ್ನೊಬ್ಬನದಲ್ಲ. ಅಜ್ಜಂಪುರ, ತರೀಕೆರೆ, ಕಡೂರು ಕಡೆ ಹೊಲ ತೋಟ ನೋಡಿಕೊಂಡು, ಮೂವತ್ತು ದಾಟಿ, ಹೆಣ್ಣು ಸಿಗದೆ ಒಳಗೊಳಗೇ ಕುಗ್ಗುತ್ತಿರುವ ಹುಡುಗರೆಲ್ಲ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. "ಆ್ಯಪ್‌ನಲ್ಲಿ ಒಬ್ಬರೂ ಉತ್ತರ ಕೊಡಲ್ಲ ದೊಡ್ಡಮ್ಮ, ನನ್ನಲ್ಲೇನು ಕಡಿಮೆ?" ಎಂದು ಕೇಳಿದ್ದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಿಲ್ಲ.

ನಿನ್ನಲ್ಲಿ ಕಡಿಮೆ ಏನೂ ಇಲ್ಲ. ಆದರೆ ಆ ಆ್ಯಪ್ ನಿನ್ನಂಥವನಿಗಾಗಿ ಮಾಡಿದ್ದಲ್ಲ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಟಿಂಡರಿನ ಕ್ರಮ ಇಷ್ಟೇ: ಫೋಟೊ ನೋಡು, ಇಷ್ಟವಾದರೆ ಬೆರಳನ್ನು ಬಲಕ್ಕೆ ಸರಿಸು, ಇಲ್ಲವಾದರೆ ಎಡಕ್ಕೆ. ಇಷ್ಟು ಕಿಲೋಮೀಟರ್ ಒಳಗಿನವರನ್ನು ತೋರಿಸು ಎಂಬ ಲೆಕ್ಕದ ಮೇಲೆ ಅದು ನಡೆಯುತ್ತದೆ. ಬೆಂಗಳೂರಿನಲ್ಲಿ ಆ ಸುತ್ತಳತೆಯೊಳಗೆ ಲಕ್ಷಾಂತರ ಜನ. ಇಲ್ಲಿ ಕೆರೆ, ಬೆಟ್ಟ, ಅಡಿಕೆ ತೋಟ. ಅಪ್ಪಿತಪ್ಪಿ ದೂರದ ಹುಡುಗಿಯೊಬ್ಬಳು ನಿನ್ನ ಪುಟಕ್ಕೆ ಬಂದರೂ 'ಉದ್ಯೋಗ: ಕೃಷಿ' ಎಂದು ಕಂಡ ಕೂಡಲೇ ಅವಳ ಬೆರಳು ಎಡಕ್ಕೆ ಸರಿಯುತ್ತದೆ. ಮದುವೆ ವೆಬ್‌ಸೈಟುಗಳಲ್ಲೂ ಇದೇ ಕತೆ, ದಲ್ಲಾಳಿಯ ಚೀಲದ ಫೋಟೊಗಳಲ್ಲೂ ಇದೇ.

ಇದು ನಿನ್ನೊಬ್ಬನ ಹಣೆಬರಹವಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಹುಡುಗರು ಸಾವಿರಗಟ್ಟಲೆ ಬಂದರು, ಹೆಣ್ಣುಮಕ್ಕಳು ಕೆಲವೇ ನೂರು. ಮರುವರ್ಷದ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಕರುಣಿಸು ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನೋಡಿ ನಗುವವರು ನಕ್ಕರು. ನನಗೆ ಅಳು ಬಂತು. ಅದೇ ವರ್ಷದ ಕೊನೆಗೆ ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಹೆಣ್ಣನ್ನು ಗರ್ಭದಲ್ಲೇ ಬೇಡವೆಂದ ಸಮಾಜ ಈಗ ಸೊಸೆ ಬೇಕೆಂದು ದೇವರಿಗೆ ಹರಕೆ ಹೊರುತ್ತಿದೆ. ಹುಟ್ಟಿ ಬೆಳೆದ ಹೆಣ್ಣುಮಕ್ಕಳೋ, ತಮ್ಮ ತಾಯಂದಿರು ಕೊಟ್ಟಿಗೆ, ಸೌದೆ, ನೀರು ಎಂದು ಸವೆದದ್ದನ್ನು, ಕೈಯಲ್ಲಿ ಒಂದು ರೂಪಾಯಿ ಇಲ್ಲದೆ ಬದುಕಿದ್ದನ್ನು ಕಣ್ಣಾರೆ ಕಂಡವರು. "ರೈತನ ಮನೆ ಬೇಡ" ಎನ್ನುವ ಹುಡುಗಿಯನ್ನು ಬೈಯಬೇಡ ಮಗಾ. ಅವಳು ಬೇಡ ಎನ್ನುತ್ತಿರುವುದು ಆ ಬದುಕನ್ನು. ನಿನ್ನ ಮನೆಯಲ್ಲಿ ಅದು ಹಾಗಿಲ್ಲ ಎಂದಾದರೆ, ಅದನ್ನು ಅವಳು ನೋಡಬೇಕು, ಕೇಳಬೇಕು. ಫೋಟೊ ಅದನ್ನು ಹೇಳಲಾರದು.

ಅದಕ್ಕೇ ನಾನು ಹೇಳುವುದು: ವಿಡಿಯೊ ಕರೆ ಮಾಡಿ ಮಾತಾಡು. ಸಂಬಂಧಿಕರ ಮೂಲಕ ಬಂದಿರಲಿ, ವೆಬ್‌ಸೈಟಿನಿಂದ ಬಂದಿರಲಿ, ಒಂದು ಹೆಸರು ಬಂದ ಕೂಡಲೇ ಮೊದಲ ಹೆಜ್ಜೆ ಇದೇ ಆಗಲಿ. ವಿಡಿಯೊ ನೋಡಿ ಜೋಡಿ ಹುಡುಕುವುದೇನೂ ಹೊಸದಲ್ಲ. 1976ರಲ್ಲೇ ಲಾಸ್ ಏಂಜಲೀಸಿನಲ್ಲಿ ಜೆಫ್ರಿ ಉಲ್‌ಮನ್ ಎಂಬಾತ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಎಂಬ ಸಂಸ್ಥೆ ತೆರೆದ. ಸದಸ್ಯರು ಕ್ಯಾಮೆರಾ ಮುಂದೆ ಕುಳಿತು ತಮ್ಮ ಬಗ್ಗೆ ಮಾತಾಡುತ್ತಿದ್ದರು. ಉಳಿದವರು ಅಲ್ಲಿಗೇ ಹೋಗಿ ಆ ಕ್ಯಾಸೆಟ್ ಹಾಕಿಕೊಂಡು ನೋಡುತ್ತಿದ್ದರು. ಇಬ್ಬರೂ ಒಪ್ಪಿದರೆ ಮಾತ್ರ ಪರಿಚಯ. ನಮ್ಮಲ್ಲಿ ವಿಡಿಯೊ ಕರೆಯಲ್ಲಿ ನೋಡಿ ಮಾತಾಡುವುದು ಮನೆಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಹೊಸ್ತಿಲು ದಾಟುವಂತಿಲ್ಲದಾಗ ಮದುವೆ ವೆಬ್‌ಸೈಟುಗಳು, ಟಿಂಡರಿನಂಥ ಆ್ಯಪ್‌ಗಳು ವಿಡಿಯೊ ಕರೆಯ ಸೌಲಭ್ಯ ಕೊಟ್ಟವು. ರೋಗ ಹೋಯಿತು, ಅಭ್ಯಾಸ ಉಳಿದಿದೆ.

ಹೆಣ್ಣಿನ ಕಡೆಯಿಂದಲೂ ಯೋಚಿಸು. ಟೆಂಪೊ ತುಂಬ ಜನ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೊರಟುಬಿಡುವ ಆ ಶಾಸ್ತ್ರ ನನಗೆ ಎಂದೂ ಸಹ್ಯವಾಗಲಿಲ್ಲ. ಎಷ್ಟು ಗಂಡು ಬಂದು ಹೋದವು ಎಂದು ಬೀದಿಯೆಲ್ಲ ಲೆಕ್ಕ ಇಡುತ್ತದೆ. ಆ ಮಗು ತಲೆ ತಗ್ಗಿಸುತ್ತದೆ. ಫೋನಿನಲ್ಲಿ ಮಾತಾಡಿ ಬೇಡವೆನಿಸಿದರೆ ವಿಷಯ ಇಬ್ಬರಲ್ಲೇ ಉಳಿಯುತ್ತದೆ. ಅವಳೂ ಬೇಡ ಎನ್ನಬಹುದು, ನೀನೂ ಎನ್ನಬಹುದು. ಯಾರ ಮಾನವೂ ಹೋಗುವುದಿಲ್ಲ.

ಏನು ಮಾತಾಡಲಿ ಎನ್ನುತ್ತೀಯ. ನಮ್ಮ ಜಿಲ್ಲೆಯವರೇ ಆಗಿಹೋದ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆ. ಮೈಸೂರಿನಲ್ಲಿ ಓದು ಮುಗಿಸಿ, ನೌಕರಿ ಬೇಡವೆಂದು ಮೂಡಿಗೆರೆ ಕಡೆ ಕಾಫಿ ಬೆಳೆಯಲು ಬಂದವರು ಅವರು. ಜೊತೆಯಲ್ಲಿ ಓದಿದ ರಾಜೇಶ್ವರಿಯವರಿಗೆ ಪತ್ರ ಬರೆಯುತ್ತಲೇ ಇದ್ದರು. ಆ ಪತ್ರಗಳು ರಾಜೇಶ್ವರಿಯವರ 'ನನ್ನ ತೇಜಸ್ವಿ' ಪುಸ್ತಕದಲ್ಲಿವೆ, ತರಿಸಿ ಓದು. 1966ರಲ್ಲಿ ಅವರ ಮದುವೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಂತೆ ಸರಳವಾಗಿ ನಡೆಯಿತು. ಕೃಷಿಕನಾಗಲು ಹೊರಟವನ ಕೈಹಿಡಿಯಲು ಓದಿದ ಹೆಣ್ಣೊಬ್ಬಳು ಒಪ್ಪಿದ್ದು ಉದ್ಯೋಗದ ಕಾಲಂ ನೋಡಿ ಅಲ್ಲ. ಅವನ ಮನಸ್ಸನ್ನು ವರ್ಷಗಟ್ಟಲೆ ಬಲ್ಲವಳಾಗಿ. ಅವರಿಗೆ ಕಾಗದ ಇತ್ತು. ನಿನಗೆ ಫೋನಿದೆ.

ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ತೋರಿಸು. ಪಕ್ಕದವರ ಕಾರಿನ ಮುಂದೆ ನಿಲ್ಲಬೇಡ. ಸಂಜೆ ಬೆಳಕಿರುವಾಗ ಜಗಲಿಯಲ್ಲಿ ಕುಳಿತು ಮಾತಾಡು. ಅವಳು ಕೇಳಿದರೆ ಅಡುಗೆಮನೆ ತೋರಿಸು, ಬಚ್ಚಲುಮನೆ, ಶೌಚಾಲಯ ತೋರಿಸು. ಹೆಣ್ಣುಮಕ್ಕಳಿಗೆ ಅದು ಸಣ್ಣ ವಿಷಯವಲ್ಲ. ತೋಟ ಎಷ್ಟು ಎಕರೆ, ಕೊಳವೆಬಾವಿಯಲ್ಲಿ ನೀರೆಷ್ಟು, ಈರುಳ್ಳಿ ಬೆಲೆ ಬಿದ್ದ ವರ್ಷ ಹೇಗೆ ತಡೆದುಕೊಂಡಿರಿ, ಸೊಸೈಟಿಯಲ್ಲಿ ಸಾಲವೆಷ್ಟು, ಎಲ್ಲ ಹೇಳು. ಅವಳು ಕೆಲಸದಲ್ಲಿದ್ದರೆ ಮನೆಯಿಂದಲೇ ಕೆಲಸ ಮಾಡುವಷ್ಟು ಇಂಟರ್ನೆಟ್ ಇಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೋ. "ಮದುವೆಯಾದ ಮೇಲೆ ಕೆಲಸ ಬಿಡ್ತೀರಾ?" ಎಂಬ ಪ್ರಶ್ನೆ ಮಾತ್ರ ಕೇಳಬೇಡ. ಅವಳಿಗೆ ಏನು ಇಷ್ಟ, ಏನು ಭಯ, ಕೇಳು. ಕೇಳಿ ಸುಮ್ಮನೆ ಆಲಿಸು. ನಮ್ಮ ಗಂಡುಮಕ್ಕಳಿಗೆ ಆಲಿಸುವುದನ್ನು ಯಾರೂ ಕಲಿಸಿಲ್ಲ.

ಎಚ್ಚರದ ಮಾತೂ ಹೇಳಬೇಕು. ಅವಳಿಗೆ ತಿಳಿಯದಂತೆ ಮಾತನ್ನು ರೆಕಾರ್ಡ್ ಮಾಡಬೇಡ, ಸ್ಕ್ರೀನ್‌ಶಾಟ್ ತೆಗೆದು ಸ್ನೇಹಿತರ ಗ್ರೂಪಿಗೆ ಹಾಕಬೇಡ. ಅದು ನಂಬಿಕೆದ್ರೋಹ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಜೈಲು. ಮೋಸ ಹೋಗುವವರಲ್ಲಿ ಹುಡುಗರೂ ಕಡಿಮೆಯಿಲ್ಲ. ಗುರುತಿಲ್ಲದ ನಂಬರಿನಿಂದ ರಾತ್ರಿ ವಿಡಿಯೊ ಕರೆ ಬರುತ್ತದೆ, ಆ ಕಡೆ ಬಟ್ಟೆಯಿಲ್ಲದ ಹೆಣ್ಣು, ಮರುಗಳಿಗೆ "ನಿನ್ನ ಮುಖ ರೆಕಾರ್ಡ್ ಆಗಿದೆ, ದುಡ್ಡು ಹಾಕು" ಎಂಬ ಬೆದರಿಕೆ. ಹಾಗಾದರೆ ನಾಚಿಕೊಂಡು ಒಳಗೇ ಕೊರಗಬೇಡ, ಬಾವಿಯ ಕಡೆ ನೋಡಬೇಡ. ದುಡ್ಡು ಕೊಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡು, ನನ್ನ ಹತ್ತಿರ ಬಾ. ಈಗ ಕಂಪ್ಯೂಟರಿನಲ್ಲಿ ಬೇರೆಯವರ ಮುಖ ಹಾಕಿಕೊಂಡೂ ಮಾತಾಡುತ್ತಾರೆ. ನೇರವಾಗಿ ಭೇಟಿಯಾಗುವ ಮೊದಲು ಯಾರಿಗೂ, ಯಾವ ಕಾರಣಕ್ಕೂ ಹಣ ಕಳಿಸಕೂಡದು.

ಮತ್ತೆ, ತಿಂಗಳುಗಟ್ಟಲೆ ಫೋನಿನಲ್ಲೇ ಇರಬೇಡಿ. ನಾಲ್ಕಾರು ಸಲ ಮಾತಾಡಿ ಮನಸ್ಸು ಒಪ್ಪಿತೆಂದರೆ ಬೀರೂರಿನಲ್ಲಿ ರೈಲು ಹತ್ತು, ಅವಳಿಗೆ ಅನುಕೂಲವಾದ, ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿಯಾಗು. ಅಕ್ಕನನ್ನೋ ಗೆಳತಿಯನ್ನೋ ಕರೆತಂದರೆ ಸಂತೋಷಪಡು. ಎದುರಿಗೆ ಕೂತಾಗ ಹೋಟೆಲಿನ ಹುಡುಗನನ್ನು ನೀನು ಹೇಗೆ ಮಾತಾಡಿಸುತ್ತೀಯ ಎಂಬುದನ್ನೂ ಅವಳು ನೋಡುತ್ತಾಳೆ. ನೋಡಲಿ. ಆಮೇಲೆ ಅವಳೂ ಒಮ್ಮೆ ಬುಕ್ಕಾಂಬುಧಿಗೆ ಬರಲಿ, ಅದೂ ಬೇಸಿಗೆಯಲ್ಲಿ. ಮಳೆಗಾಲದ ಹಸಿರು ನೋಡಿ ಒಪ್ಪಿದವಳಿಗೆ ಏಪ್ರಿಲ್ ತಿಂಗಳ ನೀರಿನ ಕಷ್ಟ ಮದುವೆಯಾದ ಮೇಲೆ ಗೊತ್ತಾಗುವುದು ನ್ಯಾಯವಲ್ಲ.

ನಿನ್ನ ಅವ್ವ ಜಾತಕ ಮೊದಲು ಎನ್ನುತ್ತಾಳೆ, ಹುಡುಗಿ ಹೀಗೆ ಗಂಡಿನ ಜೊತೆ ನೇರ ಮಾತಾಡುವುದು ಮರ್ಯಾದೆಯಲ್ಲ ಎಂದೂ ಅನ್ನುತ್ತಾಳೆ. ಅವಳ ಹತ್ತಿರ ನಾನು ಮಾತಾಡುತ್ತೇನೆ, ಅದು ನನಗೆ ಬಿಡು. ಹೊಸದುರ್ಗದ ಕಡೆಯ ಆ ನರ್ಸ್ ಹುಡುಗಿಯ ನಂಬರು ಬಂದು ಎಷ್ಟು ದಿನವಾಯಿತು! ಅವಳ ಡ್ಯೂಟಿ ಯಾವಾಗ ಮುಗಿಯುತ್ತದೆ ಎಂದು ಕೇಳಿ, ಈ ಭಾನುವಾರವೇ ಹೊತ್ತು ಗೊತ್ತುಮಾಡಿಕೋ.

ಇತಿ,
ನಿನ್ನ ದೊಡ್ಡಮ್ಮ