ಕೊಂಬೆ ಚೂರು ಮಾಡುವ ಸಣ್ಣ ಯಂತ್ರದ ಆಯ್ಕೆ

ಮರವನ್ನು ನೆಡುವುದು ಎಷ್ಟು ಮುಖ್ಯವೋ ಕಾಲಕಾಲಕ್ಕೆ ಸವರುವುದೂ ಅಷ್ಟೇ ಮುಖ್ಯವೆಂಬುದನ್ನು ತೋಟಗಾರರು ಬಲ್ಲರು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗವನ್ನು ಹಾದು ನಮ್ಮ ಕಂಬಂ ಕಣಿವೆಗೆ ಇಳಿದು ಬರುತ್ತಿದೆ. ಇಲ್ಲಿ ತೆಂಗು, ದ್ರಾಕ್ಷಿ, ಬಾಳೆಗಳ ತೋಟಗಳಿವೆ. ತೇನಿ, ದಿಂಡಿಗಲ್ಲುಗಳ ಒಣ ನೆಲದಲ್ಲಿ ಮಾವು, ಹುಣಿಸೆ, ನುಗ್ಗೆಗಳಿವೆ. ಸವರಿದ ಕೊಂಬೆಗಳನ್ನು ಬದುವಿನ ಮೇಲೆ ಒಟ್ಟಿ ಬೆಂಕಿಯಿಡುವುದು ಹಲವೆಡೆ ರೂಢಿ. ಆದರೆ ಆ ಬೆಂಕಿಯಲ್ಲಿ ಉರಿದುಹೋಗುವುದು ಕಸವಲ್ಲ. ಮುಂದಿನ ವರ್ಷದ ಗೊಬ್ಬರ. ಕೊಂಬೆಯನ್ನು ಚೂರು ಮಾಡುವ, ಅಂಗಡಿಯವರು ಚಿಪ್ಪರ್ ಎಂದು ಕರೆಯುವ ಸಣ್ಣ ಯಂತ್ರವು ಈ ನಷ್ಟವನ್ನು ತಪ್ಪಿಸಬಲ್ಲುದು. ಅದನ್ನು ಆರಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಕೊಳ್ಳುವವರಲ್ಲಿ ಅನೇಕರು ಬೆಲೆಯನ್ನೂ ಅಶ್ವಶಕ್ತಿಯನ್ನೂ ಮಾತ್ರ ನೋಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಅಳೆಯತಕ್ಕದ್ದು ತೋಟವನ್ನು, ಆಮೇಲೆ ಯಂತ್ರವನ್ನು.

ಮೊದಲನೆಯದಾಗಿ, ಕೊಂಬೆಯ ದಪ್ಪ. ಒಂದು ಸಲ ಸವರಿದ ರಾಶಿಯಲ್ಲಿ ಹೆಚ್ಚಿನ ಕೊಂಬೆಗಳು ಎಷ್ಟು ಅಂಗುಲ ದಪ್ಪವಿವೆಯೆಂದು ಅಳೆದು ಬರೆದಿಡಬೇಕು. ದಪ್ಪವು ಎರಡರಷ್ಟಾದರೆ ಕತ್ತರಿಸಬೇಕಾದ ಮುಖದ ವಿಸ್ತೀರ್ಣವು ನಾಲ್ಕರಷ್ಟಾಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ವೃತ್ತದ ಪಾಠದಲ್ಲಿ ಕಲಿತಿದ್ದಾರೆ. ಎರಡು ಅಂಗುಲದ ಕೊಂಬೆಯನ್ನು ಸಲೀಸಾಗಿ ನುಂಗುವ ಯಂತ್ರವು ನಾಲ್ಕು ಅಂಗುಲದ್ದಕ್ಕೆ ಏದುಸಿರು ಬಿಡುವುದು ಇದರಿಂದಲೇ. ಯಂತ್ರದ ಮೇಲೆ ಬರೆದಿರುವ ಅಳತೆ ಅದರ ಮಿತಿಯೇ ಹೊರತು ದಿನನಿತ್ಯದ ಕೆಲಸದ ಅಳತೆಯಲ್ಲ. ಒಣಗಿದ ಹುಣಿಸೆ ಅಥವಾ ಜಾಲಿಯಾದರೆ ಆ ಮಿತಿಯೂ ಕುಗ್ಗುತ್ತದೆ. ಆದ್ದರಿಂದ ಕೊಂಬೆ ಹಸಿಯಾಗಿರುವಾಗಲೇ ಚೂರು ಮಾಡುವುದು ಲೇಸು. ತೋಳಿನಷ್ಟು ದಪ್ಪದವನ್ನು ಸೌದೆಗೆ ಬಿಡುವುದು ಇನ್ನೂ ಲೇಸು.

ಎರಡನೆಯದಾಗಿ, ವಸ್ತುವಿನ ಗುಣ. ತಿರುಗುವ ತಟ್ಟೆಗೆ ಅಲಗು ಜೋಡಿಸಿದ ಯಂತ್ರವು ಮಾವು, ಬೇವಿನಂಥ ನೆಟ್ಟಗಿನ ಕೊಂಬೆಗಳಿಗೆ ಒಳ್ಳೆಯದು. ತೆಂಗಿನ ಗರಿ, ದ್ರಾಕ್ಷಿಯ ಬಳ್ಳಿ ಇವು ನಾರಿನಿಂದ ಕೂಡಿದವು. ಕತ್ತರಿಸದೆ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ಇವಕ್ಕೆ ಸುತ್ತಿಗೆಯಂತೆ ಬಡಿದು ಸೀಳುವ ಪಟ್ಟಿಗಳುಳ್ಳ ಯಂತ್ರ ಬೇಕು. ಒಂದೇ ಯಂತ್ರದಲ್ಲಿ ಎರಡೂ ಇರುವುದುಂಟು. ಯಾವುದಾದರೂ ಸರಿಯೆ, ನಮ್ಮ ತೋಟದ ಗರಿಯನ್ನೇ ಹೊತ್ತೊಯ್ದು ಕೊಟ್ಟು ನೋಡದೆ ಹಣ ಕೊಡಲಾಗದು.

ಮೂರನೆಯದಾಗಿ, ಚಾಲನೆ. ಒಂದೇ ಕಡೆ ನಿಲ್ಲಿಸುವುದಾದರೆ ವಿದ್ಯುತ್ ಮೋಟಾರು ಸಾಕು, ಸದ್ದು ಕಡಿಮೆ. ತೋಟದಿಂದ ತೋಟಕ್ಕೆ ಒಯ್ಯಬೇಕಾದರೆ ಪೆಟ್ರೋಲ್ ಎಂಜಿನ್ನಿನದು ಬೇಕು. ಟ್ರಾಕ್ಟರ್ ಇದ್ದವರು ಅದರ ಹಿಂಬದಿಯ ಅಚ್ಚಿಗೆ ಜೋಡಿಸುವಂಥದನ್ನು ಆರಿಸಬಹುದು. ಪಂಪುಸೆಟ್ಟಿನ ವಿದ್ಯುತ್ ಸಂಪರ್ಕವನ್ನು ಈ ಕೆಲಸಕ್ಕೆ ಬಳಸಬಹುದೆ ಎಂದು ಮೊದಲೇ ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳತಕ್ಕದ್ದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಯಂತ್ರದ ಬಾಯಿ. ತಟ್ಟೆಯು ನಿಮಿಷಕ್ಕೆ 2400 ಸುತ್ತು ತಿರುಗುತ್ತದೆ, ಅದಕ್ಕೆ ಎರಡು ಅಲಗುಗಳಿವೆ, ಒಂದೊಂದು ಅಲಗು 5 ಮಿಲಿಮೀಟರ್ ಚೂರು ತೆಗೆಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸೆಕೆಂಡಿಗೆ 40 ಸುತ್ತು, 80 ಚೂರು. ಅಂದರೆ ಕೊಂಬೆಯು ಸೆಕೆಂಡಿಗೆ 40 ಸೆಂಟಿಮೀಟರ್ ಒಳಗೆ ಸರಿಯುತ್ತದೆ. ಕವಲಿಗೆ ತೋಳು ಸಿಕ್ಕಿಕೊಂಡರೆ ಎರಡು ಸೆಕೆಂಡಿನೊಳಗೆ ಅನಾಹುತ ಮುಗಿದಿರುತ್ತದೆ, ಕೂಗಿಕೊಳ್ಳುವುದಕ್ಕೂ ಅವಕಾಶವಿರದು. ಆದ್ದರಿಂದ ಬಾಯಿಯಿಂದ ಅಲಗಿನವರೆಗಿನ ಕೊಳವೆಯು ತೋಳಿಗಿಂತ ಉದ್ದವಾಗಿರಬೇಕು; ನಿಲ್ಲಿಸುವ ಗುಂಡಿಯು ನಿಂತಲ್ಲಿಂದಲೇ ಎಟುಕಬೇಕು. ಅಗ್ಗವೆಂದು ಕೊಳವೆ ಗಿಡ್ಡವಾದದ್ದನ್ನು ಕೊಳ್ಳಬಾರದು. ಪಕ್ಕಕ್ಕೆ ನಿಂತು, ಬುಡವನ್ನು ಮುಂದುಮಾಡಿ ಕೊಟ್ಟು, ಕೂಡಲೇ ಕೈಬಿಡಬೇಕು. ತುಂಡುಗಳನ್ನು ಕೋಲಿನಿಂದ ತಳ್ಳಬೇಕು. ಹೆಗಲ ವಲ್ಲಿ, ಜೋಲುವ ಸೆರಗು, ಸಡಿಲ ಪಂಚೆ ಕೂಡದು; ಕಣ್ಣಿಗೂ ಕಿವಿಗೂ ರಕ್ಷೆ ಇರಲಿ. ಎಂಜಿನ್ ನಿಂತ ಮೇಲೂ ತಟ್ಟೆಯು ಜಡತ್ವದಿಂದ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಮುಚ್ಚಳ ತೆಗೆಯಲಾಗದು. ಮಕ್ಕಳನ್ನು ಹತ್ತಿರ ಸೇರಿಸಬಾರದು.

ಐದನೆಯದಾಗಿ, ಅಲಗು. ಅಲಗು ಮೊಂಡಾದರೆ ಚೂರಿನ ಬದಲು ಹುಡಿ ಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಅಲಗನ್ನು ಬಿಚ್ಚಿ ಮಸೆಯಲು ಬರುವುದೆ, ಬದಲಿ ಅಲಗೂ ಪಟ್ಟೆಯೂ ತೇನಿಯಲ್ಲೋ ದಿಂಡಿಗಲ್ಲಿನಲ್ಲೋ ದೊರೆಯುವುವೆ ಎಂದು ವಿಚಾರಿಸಬೇಕು.

ಚೂರುಗಳನ್ನು ಮರದ ಬುಡಕ್ಕೆ ತಾಗದಂತೆ ಪಾತಿಯ ಮೇಲೆ ಮೂರು ಅಂಗುಲ ಹರಡಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ. ಹಸಿ ಚೂರನ್ನು ಮಣ್ಣಿನಲ್ಲಿ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಹೀರಿಕೊಂಡು ಬೆಳೆ ಹಳದಿಯಾದೀತು. ತೆಂಗಿನ ಗರಿಯ ಚೂರು ಎರೆಹುಳುಗಳಿಗೂ ಆಹಾರ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಸಂಸ್ಥೆಯು ಗರಿಯಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ರೈತರಿಗೆ ಕಲಿಸಿದೆ.

ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಯಂತ್ರವನ್ನು ಪ್ರತಿಯೊಂದು ಮನೆಯೂ ಕೊಳ್ಳಬೇಕಾಗಿಲ್ಲ. ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲು ಮನೆತನಗಳಿಗೆ ನೆರೆಹೊರೆಯವರೊಡನೆ ಕೂಡಿ ಬಾಳುವುದು ಹೊಸದಲ್ಲ. ನಾಲ್ಕಾರು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಂಡು, ತಿಳಿದವನೊಬ್ಬನ ಕೈಗೆ ಅದರ ಹೊಣೆ ಒಪ್ಪಿಸಲಿ. ಹಣವೂ ಉಳಿದೀತು, ಮಣ್ಣೂ ಬದುಕೀತು, ಕೈಯೂ ಕ್ಷೇಮವಾಗಿದ್ದೀತು.