ಕೀಲಿ ತಿರುವುವ ಮುನ್ನ ಕಣ್ಣು

ಬೀದರಿನಿಂದ ಭಾಲ್ಕಿಗೋ ಔರಾದಿಗೋ ಸಂಜೆ ಗಾಡಿ ಹತ್ತುವ ಹಿರಿಯರೇ, ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು ಹುಡುಗರ ಕಣ್ಣಿಗೇ ಬೀಳುವುದು ಕಷ್ಟ. ಮೋತಿಬಿಂದು ಬಂದವರಿಗಂತೂ ಎದುರಿನ ಹೆಡ್‌ಲೈಟು ಹರಡಿಕೊಂಡು ರಸ್ತೆಯೇ ಮಾಯ. ಗ್ಲಾಕೋಮಾ ಇನ್ನೂ ಮೋಸಗಾರ: ಬಹಳಷ್ಟು ಸಲ ನೋವೇ ಇಲ್ಲದೆ ಅಕ್ಕಪಕ್ಕದ ನೋಟ ಕದಿಯುತ್ತದೆ, ಪಕ್ಕದಿಂದ ನುಗ್ಗಿದ ಎಮ್ಮೆ ಕಾಣುವುದೇ ಇಲ್ಲ.

ಲೈಸನ್ಸ್ ಫಾರಂ ಕೇಳುವ ಪ್ರಶ್ನೆಯನ್ನು ಮನೆ ಮುಂದೆಯೇ ಕೇಳಿಕೊಳ್ಳಿ: ಹಗಲಲ್ಲಿ, ಚಷ್ಮಾ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್‌ಪ್ಲೇಟನ್ನು ಒಂದೊಂದೇ ಕಣ್ಣಿನಿಂದ ಓದಬಲ್ಲಿರಾ? 55 ದಾಟಿದವರಿಗೆ ಲೈಸನ್ಸ್ ನವೀಕರಣ 5 ವರ್ಷಕ್ಕೊಮ್ಮೆ. ಕಣ್ಣು ಅಷ್ಟು ಕಾಯುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಬೀದರಿನ ಬ್ರಿಮ್ಸ್ ಆಸ್ಪತ್ರೆಯಾದರೂ ಸರಿ.

ಮಕ್ಕಳಿಗೊಂದು ಮಾತು: ಕೀಲಿ ಕಸಿದು ಅಪ್ಪನ ಮಾನ ಕಳೆಯಬೇಡಿ. ಹೊತ್ತು ಮುಳುಗಿದ ಮೇಲೆ ನೀವೇ ಹ್ಯಾಂಡಲ್ ಹಿಡಿಯಿರಿ.