ಚಿನ್ನದ ಗಣಿಯ ರೈಲುದಾರಿ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಸುಮಾರು 70 ಕಿಲೋಮೀಟರು ಸಾಗಿದರೆ ಬಂಗಾರಪೇಟೆ ಜಂಕ್ಷನ್ ಸಿಗುತ್ತದೆ. ಮೈಸೂರಿನ ಮುಖ್ಯ ಕಮಿಷನರಾಗಿದ್ದ ಲೆವಿನ್ ಬೌರಿಂಗನ ನೆನಪಿಗೆ ಈ ಊರನ್ನು ಹಿಂದೆ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದರು. ಇಲ್ಲಿಂದ ಒಂದು ಕವಲು ಕೋಲಾರದತ್ತ ತಿರುಗುತ್ತದೆ. ಇನ್ನೊಂದು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ನಿಂತುಬಿಡುತ್ತದೆ. ಹದಿನಾರು ಕಿಲೋಮೀಟರಿನ ಈ ಎರಡನೆಯ ಕವಲೇ ನಮ್ಮ ಪಾಠದ ವಿಷಯ.

ಈ ದಾರಿಯನ್ನು ಮೈಸೂರು ಸಂಸ್ಥಾನವು ತನ್ನ ಹಣದಿಂದ ಹಾಕಿಸಿ, 1894ರಲ್ಲಿ ತೆರೆಯಿತು. ಅಂದು ಲೆಕ್ಕ ಸುಲಭವಾಗಿತ್ತು. ಗಣಿಗಳಿಗೆ ಕಲ್ಲಿದ್ದಲು, ಯಂತ್ರ, ಮರಮುಟ್ಟು ಬೇಕಿತ್ತು. ಸಾವಿರಾರು ಕಾರ್ಮಿಕರಿಗೆ ದವಸಧಾನ್ಯ ಬೇಕಿತ್ತು. ಸಾಗಿಸುವ ಸರಕು ಕಣ್ಣೆದುರಿಗೇ ಇದ್ದುದರಿಂದ ಹಾಕಿದ ಬಂಡವಾಳಕ್ಕೆ ಪ್ರತಿಫಲವೂ ಖಚಿತವಾಗಿತ್ತು.

ಇಂದು ಹೊಸ ದಾರಿಯೊಂದು ಹುಟ್ಟುವ ಬಗೆ ಬೇರೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರೈಲ್ವೆಯು ಕೇಂದ್ರದ ಪಟ್ಟಿಗೆ ಸೇರಿದೆ. ರಾಷ್ಟ್ರೀಯ ಹೆದ್ದಾರಿಗಳೂ ಅಲ್ಲಿಯೇ ಇವೆ. ಉಳಿದ ರಸ್ತೆ, ಸೇತುವೆಗಳು ರಾಜ್ಯಗಳ ಪಾಲಿನವು. ಆದುದರಿಂದ ಕೋಲಾರ ಜಿಲ್ಲೆಯ ಜನರು ಹೊಸ ಹಳಿ ಬೇಕೆಂದು ಬಯಸಿದರೆ ಆ ಬೇಡಿಕೆಯು ಶಾಸಕರು, ಸಂಸತ್ ಸದಸ್ಯರು, ರಾಜ್ಯ ಸರ್ಕಾರ ಇವರ ಮೂಲಕ ದೆಹಲಿಯ ರೈಲ್ವೆ ಮಂಡಳಿಯವರೆಗೆ ಪ್ರಯಾಣ ಮಾಡಬೇಕು. (ಈ ಪ್ರಯಾಣವು ಯಾವ ಪ್ಯಾಸೆಂಜರ್ ಗಾಡಿಗಿಂತಲೂ ನಿಧಾನವೆಂದು ಜನರು ಹಾಸ್ಯ ಮಾಡುವುದುಂಟು.)

ಮೊದಲು ಸಮೀಕ್ಷೆ ನಡೆಯುತ್ತದೆ. ಎಂಜಿನಿಯರುಗಳು ಏರುತಗ್ಗು, ಹಳ್ಳಕೊಳ್ಳಗಳನ್ನು ಅಳೆದು ವೆಚ್ಚವನ್ನು ಅಂದಾಜು ಮಾಡುತ್ತಾರೆ. ಇತರ ಅಧಿಕಾರಿಗಳು ಎಷ್ಟು ಪ್ರಯಾಣಿಕರು, ಎಷ್ಟು ಸರಕು ಬಂದೀತೆಂದು ಲೆಕ್ಕ ಹಾಕುತ್ತಾರೆ. ಎರಡನ್ನೂ ಹೋಲಿಸಿ ಪ್ರತಿಫಲದ ದರವನ್ನು ಕಂಡುಹಿಡಿಯುತ್ತಾರೆ. ಬಹುಕಾಲ ಈ ದರವು ಶೇಕಡಾ 14ಕ್ಕೆ ಕಡಿಮೆ ಇರಬಾರದೆಂಬ ನಿಯಮವಿತ್ತು. ಈ ಅಳತೆಗೋಲನ್ನು ಕೆ.ಜಿ.ಎಫ್.ಗೆ ಹಿಡಿದು ನೋಡಿದರೆ ಅದರ ಕೊರತೆ ಕಾಣುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಣಿಯ ಸರಕು ನಿಂತುಹೋಯಿತು. ಆದರೆ ಜನರು ಎಲ್ಲಿಗೆ ಹೋಗಬೇಕು? ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವದ ಗಾಡಿ ಹಿಡಿದು ಬೆಂಗಳೂರಿನ ಕೆಲಸಗಳಿಗೆ ಹೊರಟರು. ಅವರ ಸೀಸನ್ ಟಿಕೆಟಿನಿಂದ ರೈಲ್ವೆಗೆ ಬರುವ ಆದಾಯ ಅಲ್ಪ. ಅದೇ ಟಿಕೆಟಿನಿಂದ ಒಂದು ಮನೆಯ ಒಲೆ ಉರಿಯುತ್ತದೆ. ಮೊದಲನೆಯದು ಲೆಕ್ಕದ ಪುಸ್ತಕದಲ್ಲಿ ಸುಲಭವಾಗಿ ಕೂಡುತ್ತದೆ, ಎರಡನೆಯದು ಕೂಡುವುದಿಲ್ಲ. ಆದಾಯ ಸಾಲದಿದ್ದರೂ ಹಿಂದುಳಿದ ಪ್ರದೇಶಗಳ ಹಿತಕ್ಕಾಗಿ ಸರ್ಕಾರವು ಕೆಲವು ದಾರಿಗಳನ್ನು ಕೈಗೊಳ್ಳುವುದು ಈ ಕಾರಣದಿಂದಲೇ.

ಮಂಜೂರಾದ ಕಾಮಗಾರಿಗೆ ಹಣವು ಒಮ್ಮೆಗೇ ಬರುವುದಿಲ್ಲ. ಕೇಂದ್ರದ ಆಯವ್ಯಯದಲ್ಲಿ ಪ್ರತಿ ವರ್ಷವೂ ಅದಕ್ಕೆ ಇಷ್ಟೆಂದು ತೆಗೆದಿರಿಸಿ ಸಂಸತ್ತಿನ ಒಪ್ಪಿಗೆ ಪಡೆಯಬೇಕು. 1924ರಿಂದ ರೈಲ್ವೆಗೆ ಪ್ರತ್ಯೇಕ ಮುಂಗಡಪತ್ರವಿತ್ತು. 2017ರಲ್ಲಿ ಅದನ್ನು ಸಾಮಾನ್ಯ ಮುಂಗಡಪತ್ರದೊಡನೆ ಸೇರಿಸಲಾಯಿತು. ಇದಲ್ಲದೆ ರೈಲ್ವೆಯ ಸ್ವಂತ ಆದಾಯವೂ ಸಾಲವೂ ಇವೆ. ಕೆಲವೆಡೆ ರಾಜ್ಯವು ಕೈಜೋಡಿಸುತ್ತದೆ: ತುಮಕೂರು–ರಾಯದುರ್ಗ, ಬಾಗಲಕೋಟೆ–ಕುಡಚಿ ದಾರಿಗಳಿಗೆ ಕರ್ನಾಟಕವು ಅರ್ಧ ವೆಚ್ಚವನ್ನು ಹೊತ್ತು, ಭೂಮಿಯನ್ನೂ ಉಚಿತವಾಗಿ ಕೊಡಲು ಒಪ್ಪಿತು. ಹೀಗೆ ಮುಂದೆ ಬರುವ ರಾಜ್ಯದ ಕೆಲಸವು ಬೇಗ ಮಂಜೂರಾಗಬಹುದು. ಬಡ ರಾಜ್ಯಗಳ ಪಾಡೇನು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮಾರಿಕುಪ್ಪಂನಲ್ಲಿ ನಿಂತ ಹಳಿಯನ್ನು ಆಂಧ್ರಪ್ರದೇಶದ ಕುಪ್ಪಂವರೆಗೆ ಒಯ್ಯುವ ಯೋಜನೆ 2011–12ರಲ್ಲಿ ಮಂಜೂರಾಯಿತು. ಉದ್ದ 24 ಕಿಲೋಮೀಟರಿಗೂ ಕಡಿಮೆ. ಕುಪ್ಪಂ ಚೆನ್ನೈ ದಾರಿಯಲ್ಲಿಯೇ ಇರುವುದರಿಂದ, ಕೊನೆಯ ನಿಲ್ದಾಣವಾಗಿದ್ದ ಮಾರಿಕುಪ್ಪಂ ನಡುದಾರಿಯ ನಿಲ್ದಾಣವಾಗುತ್ತದೆ. ಗಾಡಿಗಳು ಗಣಿಪಟ್ಟಣವನ್ನು ಹಾದು ಎರಡೂ ಕಡೆಗೆ ಸಾಗಬಹುದು. ಆದರೆ ಎರಡು ರಾಜ್ಯಗಳಲ್ಲಿ ಭೂಸ್ವಾಧೀನ ಆಗಬೇಕು, ವರ್ಷವರ್ಷವೂ ಹಣ ಒದಗಬೇಕು. ಮೈಸೂರು ಸಂಸ್ಥಾನದ ಹದಿನಾರು ಕಿಲೋಮೀಟರಿಗೆ ಜೋಡಿಸಬೇಕಾದ ಈ ತುಂಡು, ಮಂಜೂರಾಗಿ ಹತ್ತು ವರ್ಷ ತುಂಬಿದಾಗಲೂ ಪೂರ್ಣಗೊಂಡಿರಲಿಲ್ಲ.